ಒಂದು ಕಪ್ ವೆನಿಲಾ, ಒಂದು ಲೋಟ ಹಾಲು

ಗುಂಪು: ಬಸವನಗುಡಿ ಬಳಗ

ಮಂಜುನಾಥ ಚಿಕ್ಕಪ್ಪ: *ಡಾಕ್ಟರ್‌ಗಳು ಹೇಳದ ಸತ್ಯ!!* 🍨 ಒಂದು ಕಪ್ ವೆನಿಲಾ ಐಸ್‌ಕ್ರೀಮ್ = ಒಂದು ಲೋಟ ಹಾಲು. ಕ್ಯಾಲ್ಸಿಯಂ, ಪ್ರೋಟೀನ್ ಎಲ್ಲಾ ಸಿಗುತ್ತೆ. ಚಾಕೊಲೇಟ್ ಇಲ್ಲ, ಬಣ್ಣ ಇಲ್ಲ, ಆದ್ದರಿಂದ ಶುಗರ್ ಇರುವವರೂ ತಿನ್ನಬಹುದು. ಹತ್ತು ಜನಕ್ಕೆ ಕಳಿಸಿ 🙏

ಸುಧಾ ಚಿಕ್ಕಮ್ಮ: ಡಬ್ಬ ಯಾಕೆ ಅರ್ಧ ಖಾಲಿ ಅಂತ ಈಗ ಗೊತ್ತಾಯ್ತು.

ರಮ್ಯಾ: ಚಿಕ್ಕಪ್ಪ, ಶುಗರ್ ಇರುವವರೂ ತಿನ್ನಬಹುದು ಅನ್ನೋ ಆ ಸಾಲು ಯಾರು ಬರೆದದ್ದು? ಬೆಳ್ಳಗಿದ್ರೆ ಸಕ್ಕರೆ ಇರಲ್ವಾ? 100 ಗ್ರಾಂ ವೆನಿಲಾದಲ್ಲಿ, ಹಾಲಿಂದೇ ಸಕ್ಕರೆನೂ ಸೇರಿ, ಸುಮಾರು 21 ಗ್ರಾಂ ಇರುತ್ತೆ.

ಮಂಜುನಾಥ ಚಿಕ್ಕಪ್ಪ: ನೀನು ಡೇರಿ ಲ್ಯಾಬಲ್ಲಿ ಇದೀಯ, ಒಪ್ಕೊಂಡೆ ಪುಟ್ಟಿ. ಆದ್ರೂ ಹಾಲಿಂದ ತಾನೇ ಮಾಡೋದು? ಕ್ಯಾಲೊರಿ ಲೆಕ್ಕ ಹಾಕಿ ಹೇಳು.

ರಮ್ಯಾ: 100 ಎಂಎಲ್ ಕಪ್ಪಲ್ಲಿ ಸುಮಾರು 115 ಕ್ಯಾಲೊರಿ. 200 ಎಂಎಲ್ ಟೋನ್ಡ್ ಹಾಲಲ್ಲಿ 120 ಆಸುಪಾಸು.

ಮಂಜುನಾಥ ಚಿಕ್ಕಪ್ಪ: ನೋಡಿದ್ರಾ!! ಸರಿ ಇದೆಯಲ್ಲ! ಮುಗೀತು ಬಿಡಿ.

ರಮ್ಯಾ: ಎಲ್ಲಿ ಮುಗೀತು? ಆ ಲೋಟದಲ್ಲಿ ಪ್ರೋಟೀನ್ 6 ಗ್ರಾಂ, ಕಪ್ಪಲ್ಲಿ 2. ಕ್ಯಾಲ್ಸಿಯಂ ಹಾಲಲ್ಲಿ 240 ಮಿಲಿಗ್ರಾಂ ಹತ್ರ, ಕಪ್ಪಲ್ಲಿ 70. ಕ್ಯಾಲೊರಿ ಹೆಚ್ಚುಕಮ್ಮಿ ಒಂದೇ, ಸತ್ವ ಮಾತ್ರ ಮೂರನೇ ಒಂದು ಪಾಲು. ಮಿಕ್ಕಿದ್ದು ಕೆನೆ, ಸಕ್ಕರೆ.

ಕಾರ್ತಿಕ್: ರಮ್ಯಕ್ಕ, 100 ಗ್ರಾಂಗೆ 21 ಗ್ರಾಂ ಸಕ್ಕರೆ ಅಂದ್ರೆ ಕಪ್ಪಿಗೂ ಅಷ್ಟೇ ಅಲ್ವಾ?

ರಮ್ಯಾ: ಅಲ್ಲ ಕಣೋ, ಅಲ್ಲೇ ಎಲ್ಲರೂ ಎಡವೋದು. ಕಡೆಯುವಾಗ ಒಳಗೆ ಗಾಳಿ ಸೇರಿಸ್ತಾರೆ, ನಾವು ಓವರ್‌ರನ್ ಅಂತೀವಿ. ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ನಿಯಮದ ಪ್ರಕಾರ ಒಂದು ಲೀಟರ್ ಐಸ್‌ಕ್ರೀಮ್ ಕನಿಷ್ಠ 525 ಗ್ರಾಂ ತೂಗಿದ್ರೆ ಸಾಕು. 100 ಎಂಎಲ್ ಕಪ್ಪು ಸಾಮಾನ್ಯವಾಗಿ 55 ಗ್ರಾಂ ಆಸುಪಾಸು ತೂಗುತ್ತೆ. ಅದರಲ್ಲಿ ಸಕ್ಕರೆ ಸುಮಾರು ಮೂರು ಟೀ ಚಮಚ.

ಪದ್ಮತ್ತೆ: ಅಯ್ಯೋ ರಾಮ, ಅರ್ಧ ದುಡ್ಡು ಗಾಳಿಗಾ?

ರಮ್ಯಾ: ಗಾಳಿ ಇಲ್ದಿದ್ರೆ ಚಮಚಾನೇ ಇಳಿಯಲ್ಲ ಅತ್ತೆ. ಅದು ಮೋಸ ಅಲ್ಲ. ಆದ್ರೆ ಎಷ್ಟೋ ಡಬ್ಬಗಳ ಮುಂದೆ ಎಂಎಲ್ ಇರುತ್ತೆ, ಹಿಂದೆ ಪೌಷ್ಟಿಕಾಂಶ 100 ಗ್ರಾಂಗೆ ಬರ್ದಿರ್ತಾರೆ. ಎರಡನ್ನೂ ಒಂದೇ ಅಂದ್ಕೊಂಡ್ರೆ ಲೆಕ್ಕ ತಲೆಕೆಳಗು.

ಪದ್ಮತ್ತೆ: ಅಪ್ಪಾಜಿ ನಮ್ಮನ್ನ ಎಂ.ಜಿ. ರೋಡಿನ ಲೇಕ್‌ವ್ಯೂ ಐಸ್‌ಕ್ರೀಮ್ ಅಂಗಡಿಗೆ ಕರ್ಕೊಂಡು ಹೋಗ್ತಿದ್ದಾಗ ಈ ಗ್ರಾಂ ಎಂಎಲ್ ಯಾರಿಗೆ ಗೊತ್ತಿತ್ತು? ಪರೀಕ್ಷೆ ಮುಗಿದ್ಮೇಲೆ, ವರ್ಷಕ್ಕೊಂದ್ಸಲ. ಈಗ ಮಂಜು ವಾರಕ್ಕೊಂದು ಡಬ್ಬ ಮುಗಿಸ್ತಾನೆ.

ಮಂಜುನಾಥ ಚಿಕ್ಕಪ್ಪ: ನೀನೂ ಅವರ ಕಡೆ ಸೇರ್ಕೊಂಡ್ಯಾ ಅಕ್ಕ? ಹೈನುಗಾರಿಕೆ ತಿಳ್ಕೊಳ್ಳೋಕೆ ಗಾಂಧೀಜಿನೇ 1927ರಲ್ಲಿ ನಮ್ಮ ಆಡುಗೋಡಿ ಇಂಪೀರಿಯಲ್ ಡೇರಿಗೆ ಬಂದಿದ್ರು!

ಕಾರ್ತಿಕ್: ಐಸ್‌ಕ್ರೀಮ್ ತಿನ್ನೋಕೆ ಬಂದಿರಲಿಲ್ಲ ಅಪ್ಪ. ಅವರು ಕುಡೀತಿದ್ದದ್ದು ಆಡಿನ ಹಾಲು 😂

ಮಂಜುನಾಥ ಚಿಕ್ಕಪ್ಪ: ತಮಾಷೆ ಬೇಡ. ಗ್ಲೈಸೆಮಿಕ್ ಇಂಡೆಕ್ಸ್ ಅಂತ ಒಂದಿದೆ, ತಿಂದದ್ದು ರಕ್ತದ ಸಕ್ಕರೆನ ಎಷ್ಟು ಬೇಗ ಏರಿಸುತ್ತೆ ಅನ್ನೋ ಅಳತೆ, ನಾನೂ ಓದಿದೀನಿ. ಬಿಳಿ ಬ್ರೆಡ್ಡಿಗಿಂತ ಐಸ್‌ಕ್ರೀಮಿಂದು ಕಡಿಮೆ. ಹೌದೋ ಅಲ್ವೋ ರಮ್ಯಾ?

ರಮ್ಯಾ: ಹೌದು. ಕೊಬ್ಬು ಇರೋದ್ರಿಂದ ಸಕ್ಕರೆ ರಕ್ತಕ್ಕೆ ನಿಧಾನವಾಗಿ ಇಳಿಯುತ್ತೆ. ನಿಧಾನವಾಗಿ ಬಂದ್ರೂ ಬರೋದು ಅಷ್ಟೇ ಸಕ್ಕರೆ ಚಿಕ್ಕಪ್ಪ. ಜೊತೆಗೆ ಒಂದು ಕಪ್ಪಿಗೆ 6 ಗ್ರಾಂ ಕೊಬ್ಬು, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಸ್ಯಾಚುರೇಟೆಡ್, ಅಂದ್ರೆ ಹೃದಯಕ್ಕೆ ಒಳ್ಳೇದಲ್ಲದ ಬಗೆ. ಸಕ್ಕರೆ ಒಂದನ್ನೇ ನೋಡಿದ್ರೆ ಸಾಲದು. ಮೂರು ತಿಂಗಳಿಗೊಂದು ಶುಗರ್ ಸರಾಸರಿ ನೋಡೋ ಎಚ್‌ಬಿಎ1ಸಿ ರಕ್ತಪರೀಕ್ಷೆ ಮಾಡಿಸ್ತೀರಲ್ಲ, ಆ ಡಾಕ್ಟರಿಗೇ ಈ ಫಾರ್ವರ್ಡ್ ತೋರಿಸಿ.

ಸುಧಾ ಚಿಕ್ಕಮ್ಮ: ತೋರಿಸಲ್ಲ. ರಿಪೋರ್ಟೇ ಬೀರು ಒಳಗೆ ಇಟ್ಟಿದಾರೆ.

ಕಾರ್ತಿಕ್: 📷 ಫೋಟೋ
ನಮ್ಮ ಫ್ರಿಜ್ಜಲ್ಲಿರೋ ಡಬ್ಬ. ಕೆಳಗೆ ಸಣ್ಣಕ್ಷರ ನೋಡಿ.

ರಮ್ಯಾ: ಇದು ಐಸ್‌ಕ್ರೀಮೇ ಅಲ್ಲ! ಫ್ರೋಜನ್ ಡೆಸರ್ಟ್ ಅಂತ ಇದೆ. ಐಸ್‌ಕ್ರೀಮ್ ಅನ್ನೋಕೆ ಹಾಲಿನ ಕೊಬ್ಬೇ ಇರಬೇಕು, ಮಾಮೂಲಿದಾದ್ರೆ ಕನಿಷ್ಠ 10%. ಇದರಲ್ಲಿ ತಾಳೆ ಎಣ್ಣೆ ಹಾಕಿದಾರೆ, ಪದಾರ್ಥಗಳ ಪಟ್ಟೀಲೇ ಇದೆ.

ಪದ್ಮತ್ತೆ: ಹಾಲು ಅಂತ ಎಣ್ಣೆ ತಿಂದ್ಯಾ ಮಂಜು?

ರಮ್ಯಾ: ಹಾಲಿನ ಪುಡಿ ಇದರಲ್ಲೂ ಇದೆ ಅತ್ತೆ, ಪ್ರೋಟೀನ್ ಅಷ್ಟೇನೂ ಕಡಿಮೆಯಾಗಲ್ಲ. ವಿಷ ಏನಲ್ಲ. ಹಾಲಿನ ಬದಲಿಗೆ ಅಂತ ತಿನ್ನೋದಷ್ಟೇ ತಪ್ಪು. ಆಸೆಗೆ ಅಂತ ತಿನ್ಲಿ, ಕಮ್ಮಿ ತಿನ್ಲಿ.

ಸುಧಾ ಚಿಕ್ಕಮ್ಮ: ಇನ್ಮೇಲೆ ಭಾನುವಾರ ಮಾತ್ರ, ಒಂದೇ ಸ್ಕೂಪ್. ಅವತ್ತು ಪಾಯಸ ಮಾಡಿದ್ರೆ ಅದೂ ಇಲ್ಲ.

ಮಂಜುನಾಥ ಚಿಕ್ಕಪ್ಪ: ಸ್ಕೂಪ್ ಅಂದ್ರೆ ಎಷ್ಟು? ಗ್ರಾಂ ಲೆಕ್ಕಾನಾ ಎಂಎಲ್ ಲೆಕ್ಕಾನಾ?

ರಮ್ಯಾ: 😑 ಚಿಕ್ಕಪ್ಪ, ಲಾಲ್‌ಬಾಗ್ ವಾಕಿಂಗ್ ಗುಂಪಿಗೂ ಇದನ್ನ ಹಾಕಿದ್ರೆ ದಯವಿಟ್ಟು ಡಿಲೀಟ್ ಮಾಡಿ. ಅಲ್ಲಿ ಶುಗರ್ ಇರೋರೇ ಜಾಸ್ತಿ.

ಮಂಜುನಾಥ ಚಿಕ್ಕಪ್ಪ: ಬೆಳಗ್ಗೇನೇ ಹಾಕ್ದೆ. ಎಲ್ಲರೂ ಚಪ್ಪಾಳೆ ತಟ್ಟಿದಾರೆ 👏👏 ಈಗ ಹೇಗಮ್ಮ ತೆಗೆಯೋದು?

ಕಾರ್ತಿಕ್: ಫೋನ್ ಕೊಡಿ ಇಲ್ಲಿ, ಹಾಲ್‌ನಲ್ಲೇ ಇದೀನಿ.