ರಾಜಸ್ಥಾನ ಲಕ್ಷುರಿ ಗ್ರೂಪ್ ಟೂರ್: 14 ಹಿರಿಯರು, 9 ರಾತ್ರಿ. ಈ ಪ್ಲಾನ್ ಸರಿ ಇದೆಯಾ?

ಒಂಟಿಕೊಪ್ಪಲ್:
ಎಲ್ಲರಿಗೂ ನಮಸ್ಕಾರ. ಮೈಸೂರು, ಬೆಂಗಳೂರು ಸೇರಿ ಒಟ್ಟು 14 ಜನ, ವಯಸ್ಸು 58ರಿಂದ 74. ಅದರಲ್ಲಿ ಇಬ್ಬರು ಅಮೆರಿಕದಿಂದ ಬರುವವರು, ಓಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡ್ ಇದೆ. ಜನವರಿ ಮೂರನೇ ವಾರ ಹೊರಡುವ ಯೋಚನೆ. ಟೂರ್ ಮ್ಯಾನೇಜರ್ ಜೊತೆಗೇ ಇರುವ ಲಕ್ಷುರಿ ಪ್ಯಾಕೇಜ್ ಎಂದು ಕಂಪನಿಯೊಂದು ಕೊಟ್ಟಿರುವ ಪ್ಲಾನ್ ಹೀಗಿದೆ:

ಜೈಪುರ 2 ರಾತ್ರಿ, ಬಿಕಾನೇರ್ 1, ಜೈಸಲ್ಮೇರ್ 1, ಸಮ್ ಮರಳುದಿಬ್ಬದಲ್ಲಿ ಟೆಂಟ್ 1, ಜೋಧಪುರ 1, ಉದಯಪುರ 2, ವಾಪಸ್ ಜೈಪುರ 1, ಅಲ್ಲಿಂದ ಬೆಂಗಳೂರಿಗೆ ವಿಮಾನ. ಗಾಡಿ 17 ಸೀಟಿನ ಟೆಂಪೋ ಟ್ರಾವೆಲರ್. ಹೋಟೆಲ್ ಕಾಲಂನಲ್ಲಿ "ಹೆರಿಟೇಜ್ ಪ್ಯಾಲೇಸ್ ಅಥವಾ ತತ್ಸಮಾನ" ಎಂದಷ್ಟೇ ಇದೆ.

ಇಬ್ಬರಿಗೆ ಮಂಡಿನೋವು, ಅರ್ಧಕ್ಕರ್ಧ ಜನ ಈರುಳ್ಳಿ ಬೆಳ್ಳುಳ್ಳಿ ತಿನ್ನುವುದಿಲ್ಲ. ಅಡ್ವಾನ್ಸ್ ಕಟ್ಟುವ ಮೊದಲು ಏನೇನು ಕೇಳಬೇಕು? ಇದರ ಬದಲು ಪ್ಯಾಲೇಸ್ ಆನ್ ವೀಲ್ಸ್ ರೈಲೇ ವಾಸಿಯಾ?

---

ಧೂಳುದಾರಿ:
ಮೊದಲು ರೂಟ್ ಸರಿ ಮಾಡಿಸಿ, ಹೋಟೆಲ್ ಆಮೇಲೆ ನೋಡೋಣ.

ಈ ಪ್ಲಾನ್‌ನಲ್ಲಿ ದಂಡವಾಗುತ್ತಿರುವುದು ಕೊನೆಯ ರಾತ್ರಿ. ಉದಯಪುರದಿಂದ ಜೈಪುರಕ್ಕೆ ಸುಮಾರು 400 ಕಿ.ಮೀ., ಊಟ, ಟೀ ಎಲ್ಲ ಸೇರಿ ಇಡೀ ದಿನ ಗಾಡಿಯಲ್ಲೇ ಕಳೆಯುತ್ತದೆ. ಬರೀ ವಿಮಾನ ಹತ್ತಲು ಅಷ್ಟು ದೂರ ವಾಪಸ್ ಬರುವುದೇಕೆ? ಉದಯಪುರದಲ್ಲೇ ವಿಮಾನ ನಿಲ್ದಾಣವಿದೆ, ಡಬೋಕ್‌ನಲ್ಲಿ, ಊರಿಂದ ಮುಕ್ಕಾಲು ಗಂಟೆ. ಜೈಪುರಕ್ಕೆ ಹೋಗಿ ಉದಯಪುರದಿಂದ ವಾಪಸ್ ಬರುವ ಹಾಗೆ ಟಿಕೆಟ್ ಮಾಡಿಸಿ. ಕಂಪನಿಯವರು ಒಪ್ಪದಿದ್ದರೆ ಕಾರಣ ಸಾಮಾನ್ಯವಾಗಿ ಗಾಡಿ: ಜೈಪುರದ ಗಾಡಿ ಖಾಲಿ ವಾಪಸ್ ಹೋಗುವ ಬಾಡಿಗೆ ಅವರ ತಲೆ ಮೇಲೆ ಬರುತ್ತದೆ. ಅದನ್ನು ನೀವೇ ಕೊಟ್ಟರೂ 14 ಜನಕ್ಕೆ ಹಂಚಿದಾಗ ಒಂದು ರಾತ್ರಿಯ ರೂಮ್ ಬಾಡಿಗೆಗಿಂತ ಕಡಿಮೆಯೇ ಆಗುತ್ತದೆ.

ಉಳಿದ ಆ ರಾತ್ರಿಯನ್ನು ಜೋಧಪುರಕ್ಕೆ ಹಾಕಿ. ಈಗಿನ ಪ್ಲಾನ್ ಪ್ರಕಾರ ಜೈಸಲ್ಮೇರ್ ಕಡೆಯಿಂದ 285 ಕಿ.ಮೀ. ಬಂದು ಜೋಧಪುರ ಸೇರುವಾಗ ಮಧ್ಯಾಹ್ನ ಮೂರೂವರೆ, ನಾಲ್ಕು ಆಗಿರುತ್ತದೆ. ಅಲ್ಲಿನ ಮೆಹರಾನ್‌ಗಢ ಕೋಟೆ ಐದಕ್ಕೆ ಮುಚ್ಚುತ್ತದೆ. ಮಾರನೇ ಬೆಳಿಗ್ಗೆ ಉದಯಪುರದ ದಾರಿ ಹಿಡಿಯಬೇಕು. ಅಂದರೆ ಇಡೀ ಪ್ರವಾಸದ ಅತ್ಯುತ್ತಮ ಕೋಟೆಯನ್ನು ಬಸ್ಸಿನ ಕಿಟಕಿಯಿಂದ ನೋಡಿ ಬರುತ್ತೀರಿ.

ಬಿಕಾನೇರ್ ತೆಗೆಯಿರಿ ಎಂದು ಯಾರಾದರೂ ಹೇಳಿಯಾರು, ತೆಗೆಯಬೇಡಿ. ಜೈಪುರದಿಂದ ಬಿಕಾನೇರ್ ಸುಮಾರು 330 ಕಿ.ಮೀ., ಅಲ್ಲಿಂದ ಜೈಸಲ್ಮೇರ್ ಮತ್ತೆ ಅಷ್ಟೇ. ಆ ನಿಲುಗಡೆ ಇದ್ದರೆ ದಾರಿ ಒಂದೇ ಸುತ್ತಾಗಿ ಸಾಗುತ್ತದೆ, ಒಂದೇ ರಸ್ತೆಯಲ್ಲಿ ಹೋಗಿ ಬರುವುದು ತಪ್ಪುತ್ತದೆ. ಜೊತೆಗೆ ಬಿಕಾನೇರ್‌ನ ಜುನಾಗಢ ಕೋಟೆ ಕಟ್ಟಿರುವುದು ಬೆಟ್ಟದ ಮೇಲಲ್ಲ, ಸಮತಟ್ಟು ನೆಲದಲ್ಲಿ. ಮಂಡಿನೋವಿನವರು ಸಮಾಧಾನವಾಗಿ ನೋಡಬಹುದು.

ಜೋಧಪುರದಿಂದ ಉದಯಪುರಕ್ಕೆ ರಣಕಪುರದ ಮೇಲೆ ಹೋಗಿ. ಅಲ್ಲಿ 15ನೇ ಶತಮಾನದ ಚೌಮುಖ ಜೈನ ದೇವಾಲಯವಿದೆ, 1,444 ಅಮೃತಶಿಲೆ ಕಂಬಗಳು. ಪ್ರವಾಸಿಗರಿಗೆ ಪ್ರವೇಶ ಮಧ್ಯಾಹ್ನ 12ರಿಂದ 5ರವರೆಗೆ ಮಾತ್ರ, ಬೆಳಿಗ್ಗೆ ಹೊತ್ತು ಪೂಜೆಗೆ ಬರುವವರಿಗೆ. ಜೋಧಪುರದಿಂದ ಎಂಟೂವರೆಗೆ ಹೊರಟರೆ ಲೆಕ್ಕ ಸರಿಹೋಗುತ್ತದೆ. ಆರಕ್ಕೇ ಎಬ್ಬಿಸಿ ಹೊರಡಿಸಿದರೆ ಬಾಗಿಲಲ್ಲಿ ಕಾಯಬೇಕು. ಚರ್ಮದ ಬೆಲ್ಟ್, ಪರ್ಸ್ ಒಳಗೆ ಬಿಡುವುದಿಲ್ಲ, ಗಾಡಿಯಲ್ಲೇ ಬಿಟ್ಟು ಇಳಿಯಿರಿ.

ಗಾಡಿ ಬಗ್ಗೆ: 17 ಸೀಟಿನ ಟೆಂಪೋ ಟ್ರಾವೆಲರ್‌ನಲ್ಲಿ 14 ಜನ, ಮ್ಯಾನೇಜರ್ ಮತ್ತು 15 ದೊಡ್ಡ ಸೂಟ್‌ಕೇಸ್ ಹಿಡಿಯುವುದಿಲ್ಲ. ಕೊನೆಯ ಸಾಲಿನ ಸೀಟು ಲಗೇಜಿಗೆ ಹೋಗುತ್ತದೆ, ಮಿಕ್ಕದ್ದು ಓಡಾಡುವ ಜಾಗದಲ್ಲಿ. ವಯಸ್ಸಾದವರು ಅದನ್ನು ದಾಟಿ ಇಳಿಯುವಾಗಲೇ ಎಡವುವುದು. ಕನಿಷ್ಠ 24–27 ಸೀಟಿನ ಮಿನಿ ಕೋಚ್, ಕೆಳಗೆ ಡಿಕ್ಕಿ ಇರುವಂಥದ್ದು ಕೇಳಿ. ಗಾಡಿಯ ಮಾಡೆಲ್ ವರ್ಷವನ್ನೂ ಬರೆಸಿಕೊಳ್ಳಿ.

---

ಕೋಟೆಕೊತ್ತಲ:
ರೂಟ್ ಬಗ್ಗೆ ಮೇಲಿನವರು ಹೇಳಿದ್ದು ಸರಿ. ನಾನು ಮೆಟ್ಟಿಲು ಮತ್ತು ರೂಮಿನ ವಿಷಯಕ್ಕೆ ಬರುತ್ತೇನೆ.

"ಅಥವಾ ತತ್ಸಮಾನ" ಎಂಬ ಎರಡು ಪದ ಹೊಡೆದುಹಾಕಿಸಿ. ಪ್ರತಿ ಊರಿಗೂ ಹೋಟೆಲಿನ ಹೆಸರು, ರೂಮಿನ ಕೆಟಗರಿ ಎರಡೂ ಬೇಕು. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ವರ್ಗೀಕರಣದಲ್ಲಿ 1950ಕ್ಕೆ ಮೊದಲು ಕಟ್ಟಿದ್ದು ಹೆರಿಟೇಜ್, 1935ಕ್ಕೆ ಮೊದಲಿನದು ಹೆರಿಟೇಜ್ ಕ್ಲಾಸಿಕ್ ಅಥವಾ ಗ್ರ್ಯಾಂಡ್. ಅದರಾಚೆಗೆ "ಪ್ಯಾಲೇಸ್" ಅನ್ನುವ ಪದಕ್ಕೆ ಯಾವ ತಡೆಯೂ ಇಲ್ಲ. ನಿನ್ನೆ ಮೊನ್ನೆ ಕಾಂಕ್ರೀಟಿನಲ್ಲಿ ಕಮಾನು ಎತ್ತಿದವರೂ ಪ್ಯಾಲೇಸ್ ಅಂತಲೇ ಬೋರ್ಡ್ ಹಾಕಿದ್ದಾರೆ.

ಇನ್ನೊಂದು ತೊಡಕಿದೆ, ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ನಿಜವಾದ ಹಳೇ ಅರಮನೆಯಲ್ಲಿ ಯಾವ ಎರಡು ರೂಮೂ ಒಂದೇ ಥರ ಇರುವುದಿಲ್ಲ. ಒಂದು ಹಿಂದೆ ದರ್ಬಾರಿನ ಕೋಣೆ ಆಗಿದ್ದದ್ದು, ಪಕ್ಕದ್ದು ಪರಿಚಾರಕರ ಕೋಣೆ. ಬಾಡಿಗೆ ಒಂದೇ. ಗುಂಪಿನಲ್ಲಿ ಮನಸ್ತಾಪ ಶುರುವಾಗುವುದು ಇಲ್ಲೇ, ಮೊದಲ ಸಂಜೆ, ಒಬ್ಬರು ಇನ್ನೊಬ್ಬರ ರೂಮಿಗೆ ಟೀ ಕುಡಿಯಲು ಹೋದಾಗ. ಅದಕ್ಕೇ ರೂಮಿಂಗ್ ಲಿಸ್ಟ್ ಎರಡು ವಾರ ಮುಂಚೆ ತರಿಸಿ. ಮಂಡಿನೋವಿನವರಿಗೆ ಎಲ್ಲ ಕಡೆಯೂ ನೆಲಮಹಡಿ ಮೀಸಲಿಡಿ, ಉಳಿದವರಿಗೆ ಪ್ರತಿ ಊರಲ್ಲೂ ಚೀಟಿ ಎತ್ತಿ. ಹೆರಿಟೇಜ್ ಕಟ್ಟಡಗಳಲ್ಲಿ ಲಿಫ್ಟ್ ಇದೆಯೇ, ರೂಮಿನ ಒಳಗೇ ಮೆಟ್ಟಿಲು ಅಥವಾ ಎತ್ತರದ ಹೊಸ್ತಿಲು ಇದೆಯೇ, ಸ್ನಾನಕ್ಕೆ ಟಬ್ ಹತ್ತಿ ಇಳಿಯಬೇಕೇ, ಈ ಮೂರನ್ನು ಮೇಲ್‌ನಲ್ಲಿ ಕೇಳಿ ಉತ್ತರ ಇಟ್ಟುಕೊಳ್ಳಿ.

ಊರೂರಿನ ಮೆಟ್ಟಿಲು:

ಆಮೇರ್ (ಜೈಪುರದ ಹತ್ತಿರದ ಕೋಟೆ): ಆನೆ ಸವಾರಿ ಬೇಡ. ಕೆಳಗಿನಿಂದ ಜೀಪು ಸಿಗುತ್ತದೆ, ಕೋಟೆಯ ಬಾಗಿಲ ಹತ್ತಿರ ಇಳಿಸುತ್ತದೆ. ದೊಡ್ಡ ಬಸ್ಸು ಮೇಲೆ ಹೋಗುವುದಿಲ್ಲ, ಜೀಪಿನ ಬಾಡಿಗೆ ಪ್ಯಾಕೇಜಿನಲ್ಲಿ ಸೇರಿದೆಯೇ ಕೇಳಿ.

ಮೆಹರಾನ್‌ಗಢ: ಲಿಫ್ಟ್ ಇದೆ, ಬೇರೆ ಟಿಕೆಟ್. ಮೇಲಕ್ಕೆ ಲಿಫ್ಟ್‌ನಲ್ಲಿ ಹೋಗಿ ಮ್ಯೂಸಿಯಂ ನೋಡುತ್ತಾ ಇಳಿಯಬಹುದು. ಆದರೆ ಲೋಹಾ ಪೋಲ್ ಬಾಗಿಲಿನ ಕಡೆಯ ಇಳಿಜಾರಿನಲ್ಲಿ ಹಾಸುಗಲ್ಲು ಸವೆದು ನುಣುಪಾಗಿದೆ, ಹತ್ತುವಾಗ ಗೊತ್ತಾಗುವುದಿಲ್ಲ, ಇಳಿಯುವಾಗ ಕಾಲು ಜಾರುತ್ತದೆ. ರಬ್ಬರ್ ಅಟ್ಟೆಯ ಶೂ ಕಡ್ಡಾಯ. ಮಂಡಿನೋವಿನವರು ಇಳಿಯುವುದಕ್ಕೂ ಲಿಫ್ಟನ್ನೇ ಬಳಸಲಿ.

ಜೈಸಲ್ಮೇರ್: 1156ರ ಕೋಟೆ, ಇವತ್ತಿಗೂ ಒಳಗೆ ಜನವಸತಿ. ಏರುದಾರಿಯಲ್ಲಿ ಆಟೋ ಹೋಗುತ್ತದೆ, ಬಸ್ಸು ಕೆಳಗೇ ನಿಲ್ಲಬೇಕು. ಒಳಗಿನ ಜೈನ ಬಸದಿಗಳಿಗೆ ಬೆಳಿಗ್ಗೆ ಹೊತ್ತೇ ಹೋಗಿ. ಪಟವೋಂ ಕೀ ಹವೇಲಿಯ ಮೆಟ್ಟಿಲು ಕಡಿದು, ಕಿರಿದು. ಹತ್ತಲಾಗದವರು ಬೀದಿಯಲ್ಲಿ ನಿಂತು ಮುಂಭಾಗ ನೋಡಿದರೂ ಮುಖ್ಯವಾದದ್ದು ಸಿಕ್ಕಂತೆಯೇ, ಕೆತ್ತನೆಯ ವೈಭವವೆಲ್ಲ ಹೊರಗೋಡೆಯಲ್ಲಿದೆ. ಕೋಟೆಯೊಳಗಿನ ಹೋಟೆಲಿನಲ್ಲಿ ರೂಮ್ ಕೊಟ್ಟಿದ್ದರೆ ಬದಲಿಸಿ. ಬಳಕೆಯ ನೀರು ಅಡಿಪಾಯಕ್ಕೆ ಇಂಗಿ ಕೋಟೆಯ ಗೋಡೆಗಳಿಗೆ ಧಕ್ಕೆಯಾಗಿದೆ, ಪ್ರವಾಸಿಗರ ಸ್ನಾನದ ನೀರೂ ಅದಕ್ಕೇ ಸೇರುತ್ತದೆ. ಕೆಳಗಿನ ಹೋಟೆಲುಗಳಿಂದ ಕೋಟೆ ಕಾಣುವುದೂ ಚೆನ್ನ.

ಉದಯಪುರ: ಸಿಟಿ ಪ್ಯಾಲೇಸ್‌ನಲ್ಲಿ ದಾರಿ ಒಮ್ಮುಖ. ಕಿರಿದಾದ ಮೆಟ್ಟಿಲು, ತಗ್ಗು ಬಾಗಿಲು, ಹಿಂದೆ ಜನ ಒತ್ತರಿಸುತ್ತಿರುತ್ತಾರೆ. ನಡುವೆ ಹಿಂತಿರುಗುವುದು ಕಷ್ಟ. ಮಂಡಿನೋವಿನವರು ಅಂಗಳದಲ್ಲೇ ಉಳಿದು ಆಮೇಲೆ ದೋಣಿಗೆ ಸೇರಿಕೊಳ್ಳಲಿ. ಅಂದಹಾಗೆ, ಪಿಚೋಲಾ ಕೆರೆಯ ನಡುವಿನ ಲೇಕ್ ಪ್ಯಾಲೇಸ್‌ಗೆ ಹೋಟೆಲಿನ ಅತಿಥಿಗಳಿಗಷ್ಟೇ ಪ್ರವೇಶ. ಟೂರ್ ದೋಣಿ ನಿಲ್ಲಿಸುವುದು ಜಗ್ ಮಂದಿರ್ ದ್ವೀಪದಲ್ಲಿ. ಬ್ರೋಷರ್‌ನ ಫೋಟೋ ನೋಡಿ ಮೋಸಹೋಗಬೇಡಿ.

---

ಲೆಕ್ಕಪತ್ರ:
ದುಡ್ಡಿನ ಬಗ್ಗೆ ನಾಲ್ಕು ಮಾತು.

ಟೂರ್ ಆಪರೇಟರ್ ಬಿಲ್ಲಿನ ಮೇಲೆ ಜಿಎಸ್‌ಟಿ 5%. ದಿನಕ್ಕೆ 7,500 ರೂ. ಮೀರಿದ ರೂಮಿಗೆ ಹೋಟೆಲ್ ಹಾಕುವುದು 18%, ಅದು ಪ್ಯಾಕೇಜ್ ದರದ ಒಳಗೇ ಇರಬೇಕು. ಕೊಟೇಶನ್‌ನಲ್ಲಿ "ತೆರಿಗೆ ಪ್ರತ್ಯೇಕ" ಎಂದಿದ್ದರೆ ಯಾವ ತೆರಿಗೆ, ಎಷ್ಟರ ಮೇಲೆ ಎಂದು ಬರೆದುಕೊಡಲು ಹೇಳಿ. ಟಿಸಿಎಸ್ (ಮಾರುವವರೇ ಮೊದಲು ವಸೂಲು ಮಾಡುವ ತೆರಿಗೆ) ವಿದೇಶ ಪ್ರವಾಸದ ಪ್ಯಾಕೇಜಿಗೆ, ರಾಜಸ್ಥಾನಕ್ಕಲ್ಲ. ಆ ಹೆಸರಲ್ಲಿ ಏನಾದರೂ ಸೇರಿಸಿದ್ದರೆ ತೆಗೆಸಿ.

ಊಟದ ಪ್ಲಾನ್ ಸಿಪಿಯೋ ಎಂಎಪಿಯೋ ನೋಡಿ. ಸಿಪಿ ಅಂದರೆ ತಿಂಡಿ ಮಾತ್ರ, ಎಂಎಪಿ ಅಂದರೆ ತಿಂಡಿ ಮತ್ತು ರಾತ್ರಿ ಊಟ. ಹಿರಿಯರ ಗುಂಪಿಗೆ ಎಂಎಪಿ ಒಳ್ಳೆಯದು, ದಿನವೆಲ್ಲ ಸುತ್ತಿ ರಾತ್ರಿ ಮತ್ತೆ ಹೋಟೆಲ್ ಹುಡುಕುವುದು ತಪ್ಪುತ್ತದೆ. ಈರುಳ್ಳಿ ಬೆಳ್ಳುಳ್ಳಿ ಚಿಂತೆ ಬಿಡಿ. "ಜೈನ್ ಖಾನಾ" ಅಂದರೆ ರಾಜಸ್ಥಾನದಲ್ಲಿ ಅಡುಗೆಯವನಿಗೆ ಬೇರೆ ವಿವರಣೆ ಬೇಕಿಲ್ಲ. ಗಟ್ಟೆ, ಕೇರ್ ಸಾಂಗ್ರಿ, ದಾಲ್ ಬಾಟಿ ಎಲ್ಲವನ್ನೂ ಹಾಗೇ ಮಾಡಿಕೊಡುತ್ತಾರೆ. ಕಷ್ಟವಾಗುವುದು ತುಪ್ಪ. ಬಾಟಿಯನ್ನು, ಅಂದರೆ ಸುಟ್ಟ ಗೋಧಿಹಿಟ್ಟಿನ ಉಂಡೆಯನ್ನು, ತುಪ್ಪದಲ್ಲಿ ಅದ್ದಿಯೇ ಬಡಿಸುತ್ತಾರೆ, ಮೂರನೇ ದಿನಕ್ಕೆ ಹೊಟ್ಟೆ ಮುಷ್ಕರ ಹೂಡುತ್ತದೆ. ಪ್ರತಿ ರಾತ್ರಿ ಬಫೆಯಲ್ಲಿ ಸಾದಾ ಅನ್ನ, ಮೊಸರು ಇರಲೇಬೇಕು ಎಂದು ವೋಚರ್‌ನಲ್ಲೇ ಬರೆಸಿ.

ಜನವರಿ ಮೂರನೇ ವಾರ ಆರಿಸಿದ್ದು ಜಾಣತನ. ಡಿಸೆಂಬರ್ 20ರಿಂದ ಜನವರಿ 5ರ ತನಕ ಸರ್‌ಚಾರ್ಜ್, 24 ಮತ್ತು 31ರ ರಾತ್ರಿ ಬೇಕಿರಲಿ ಬೇಡದಿರಲಿ ಗಾಲಾ ಡಿನ್ನರ್‌ಗೆ ಹಣ ಕಟ್ಟಬೇಕು. ಆದರೆ ನಿಮ್ಮ ತಿಂಗಳಲ್ಲೂ ಮದುವೆ ಸೀಸನ್ ಇದೆ. ಇಡೀ ಹೋಟೆಲನ್ನೇ ಮದುವೆಗೆ ಹಿಡಿಯುವ ಪಾರ್ಟಿ ಬಂದರೆ ಗುಂಪನ್ನು ಬೇರೆ ಕಡೆ ಸಾಗಿಸುವುದು ಉದಯಪುರ, ಜೋಧಪುರದಲ್ಲಿ ಅಪರೂಪವೇನಲ್ಲ. ಹೋಟೆಲ್ ಬದಲಾದರೆ ಅದೇ ದರ್ಜೆ ಅಥವಾ ಮೇಲಿನದು, ಇಲ್ಲದಿದ್ದರೆ ವ್ಯತ್ಯಾಸದ ಹಣ ವಾಪಸ್, ಹೀಗೊಂದು ಸಾಲು ಒಪ್ಪಂದದಲ್ಲಿರಲಿ. ಹೋಟೆಲಿನಿಂದ ನೇರವಾಗಿ ಬಂದ ಕನ್ಫರ್ಮೇಶನ್ ನಂಬರ್ ಕೈಗೆ ಬಂದ ಮೇಲೆ ಎರಡನೇ ಕಂತು ಕಟ್ಟಿ.

ಟೂರ್ ಮ್ಯಾನೇಜರ್ ಬೇರೆ, ಸ್ಥಳೀಯ ಗೈಡ್ ಬೇರೆ. ಒಬ್ಬನನ್ನೇ ಎರಡೂ ಎಂದು ತೋರಿಸಿದ್ದರೆ ಅದು ಲಕ್ಷುರಿ ಟೂರ್ ಅಲ್ಲ. ಪ್ರತಿ ಊರಲ್ಲೂ ಲೈಸೆನ್ಸ್ ಇರುವ ಗೈಡ್ ಬೇಕು, ಯಾವ ಭಾಷೆ ಎಂದೂ ಕೇಳಿ. ಕನ್ನಡದ ಗೈಡ್ ಸಿಗುವುದು ಕಷ್ಟ, ಆದ್ದರಿಂದ ಕನ್ನಡ ಬಲ್ಲ ಮ್ಯಾನೇಜರನ್ನೇ ಕೇಳಿ ಪಡೆಯಿರಿ.

---

ಹಳಿಮೇಲೆ:
ರೈಲಿನ ಪ್ರಶ್ನೆಗೆ ಚಿಕ್ಕ ಉತ್ತರ. ಪ್ಯಾಲೇಸ್ ಆನ್ ವೀಲ್ಸ್ 1982ರಿಂದ ಇದೆ, 7 ರಾತ್ರಿ, ದೆಹಲಿಯಿಂದ ಹೊರಟು ದೆಹಲಿಗೇ ವಾಪಸ್. ಪೆಟ್ಟಿಗೆ ಒಮ್ಮೆ ಬಿಚ್ಚಿಟ್ಟರೆ ಮುಗಿಯಿತು, ಅದೊಂದು ದೊಡ್ಡ ಸುಖ. ಆದರೆ ಪ್ರತಿ ಊರಿಗೆ ಸಿಗುವುದು ಒಂದು ದಿನ, ಕೆಲವು ಕಡೆ ಅರ್ಧ ದಿನ. ಕ್ಯಾಬಿನ್ ಇಕ್ಕಟ್ಟು. ಓಡುವ ರೈಲಿನಲ್ಲಿ ನಿದ್ದೆ ಬಾರದವರು ಗುಂಪಿನಲ್ಲಿ ಮೂವರಿದ್ದರೂ ನಾಲ್ಕನೇ ದಿನ ಎಲ್ಲರ ಮೂಡ್ ಕೆಡುತ್ತದೆ. ರೈಲಿನ ಸುಖ ಹೇಗಿರುತ್ತದೆ ಎಂದು ತಿಳಿಯಬೇಕಿದ್ದರೆ ಕರ್ನಾಟಕದ್ದೇ ಲಕ್ಷುರಿ ರೈಲು ಗೋಲ್ಡನ್ ಚಾರಿಯಟ್ ಇದೆ, ಬೆಂಗಳೂರಿನಿಂದಲೇ ಹೊರಡುತ್ತದೆ.

---

ಒಂಟಿಕೊಪ್ಪಲ್:
ಎಲ್ಲರಿಗೂ ಧನ್ಯವಾದ. ಉದಯಪುರದಿಂದ ವಾಪಸ್, ಜೋಧಪುರ 2 ರಾತ್ರಿ ಎಂದು ಮೇಲ್ ಹಾಕಿದ್ದೇನೆ. ಟೆಂಟ್ ಬಗ್ಗೆ ಮಾತ್ರ ಗುಂಪಿನಲ್ಲಿ ಎರಡು ಪಕ್ಷ. ಅಮ್ಮಂದಿರಿಗೆ ಒಂಟೆ ಹತ್ತುವ ಆಸೆ ಬೇರೆ. ಓಸಿಐನವರಿಗೆ ತನೋಟ್ ಮಾತಾ ದೇವಸ್ಥಾನಕ್ಕೆ ಹೋಗಬೇಕಂತೆ.

---

ಧೂಳುದಾರಿ:
ಟೆಂಟಿನಲ್ಲಿ ಉಳಿಯಬೇಡಿ, ದಿಬ್ಬಕ್ಕೆ ಹೋಗಿ ಬನ್ನಿ. ಸಮ್ ಜೈಸಲ್ಮೇರ್‌ನಿಂದ ಸುಮಾರು 40 ಕಿ.ಮೀ., ಜನವರಿಯಲ್ಲಿ ಸೂರ್ಯಾಸ್ತ ಆರರ ಆಸುಪಾಸು. ಮೂರೂವರೆ, ನಾಲ್ಕಕ್ಕೆ ಹೊರಟು ಕ್ಯಾಂಪಿನಲ್ಲಿ ಹಾಡು, ಕುಣಿತ, ಊಟ ಮುಗಿಸಿ ಒಂಬತ್ತೂವರೆಗೆ ಹೋಟೆಲ್ ಸೇರಬಹುದು. ಆಗ ಜೈಸಲ್ಮೇರ್‌ನಲ್ಲಿ ಎರಡು ರಾತ್ರಿಯೂ ಒಂದೇ ರೂಮ್, ಲಗೇಜ್ ಕದಲಿಸುವ ಕೆಲಸವಿಲ್ಲ.

ಕಾರಣ ಚಳಿ. ಹಗಲು ಸ್ವೆಟರ್ ಬೇಡ ಅನಿಸುತ್ತದೆ, ರಾತ್ರಿ ಏಳೆಂಟು ಡಿಗ್ರಿಗೆ, ಕೆಲವು ದಿನ ಇನ್ನೂ ಕೆಳಕ್ಕೆ ಇಳಿಯುತ್ತದೆ. ಸ್ವಿಸ್ ಟೆಂಟಿನಲ್ಲಿ ಮಂಚ, ಗೀಸರ್, ಕಮೋಡ್ ಎಲ್ಲ ಇದ್ದರೂ ಗೋಡೆ ಬಟ್ಟೆಯದೇ. ಎಲ್ಲ ಟೆಂಟಿನಲ್ಲೂ ಒಟ್ಟಿಗೆ ಹೀಟರ್ ಹಾಕಿದರೆ ಜನರೇಟರ್ ಟ್ರಿಪ್ ಆಗುತ್ತದೆ, ಅದೂ ನಡುರಾತ್ರಿ. ಜೊತೆಗೆ ಪಕ್ಕದ ಕ್ಯಾಂಪಿನ ಡಿಜೆ. ಉಳಿಯಲೇಬೇಕು ಅಂದರೆ ಜೈಸಲ್ಮೇರ್ ಹತ್ತಿರದ ಇನ್ನೊಂದು ಮರಳುದಿಬ್ಬದ ಊರು ಖುರಿ ಕಡೆ ಕೇಳಿ, ಸದ್ದು ಕಡಿಮೆ. ರಾತ್ರಿಯಿಡೀ ಹೀಟರಿಗೆ ಕರೆಂಟ್ ಇರುತ್ತದೆಯೇ ಎಂದು ಬರವಣಿಗೆಯಲ್ಲಿ ಪಡೆಯಿರಿ.

ಒಂಟೆ: ಏಳುವಾಗ ಮೊದಲು ಹಿಂಗಾಲು ಎತ್ತುತ್ತದೆ, ಕೂತವರು ಮುಂದಕ್ಕೆ ಮುಗ್ಗರಿಸುತ್ತಾರೆ. ಕೂರುವಾಗ ಮುಂಗಾಲು ಮೊದಲು ಮಡಚುತ್ತದೆ, ಆಗಲೂ ಮುಂದಕ್ಕೇ. ಎರಡು ಸಲವೂ ಹಿಂದಕ್ಕೆ ಒರಗಿ ತಡಿಯ ಗೂಟ ಎರಡೂ ಕೈಯಲ್ಲಿ ಹಿಡಿಯಬೇಕು, ಫೋಟೋ ಆಮೇಲೆ. ಬೀಳುವುದು ಹೆಚ್ಚಾಗಿ ಇಳಿಯುವ ಹೊತ್ತಿನಲ್ಲೇ. ಸೀರೆ ಉಟ್ಟವರಿಗೆ, ಮಂಡಿ ಅಥವಾ ಸೊಂಟ ನೋವಿರುವವರಿಗೆ ಒಂಟೆ ಗಾಡಿ ಸಿಗುತ್ತದೆ, ನಾಲ್ಕೈದು ಜನ ಒಟ್ಟಿಗೆ ಕೂರಬಹುದು.

ತನೋಟ್ ಜೈಸಲ್ಮೇರ್‌ನಿಂದ ಸುಮಾರು 120 ಕಿ.ಮೀ., ಗಡಿ ಪ್ರದೇಶ. ವಿದೇಶಿ ಪಾಸ್‌ಪೋರ್ಟ್ ಇರುವವರು ಅನುಮತಿ ಇಲ್ಲದೆ ಹೊರಡಬಾರದು, ಓಸಿಐ ಕಾರ್ಡ್ ಒಂದೇ ಸಾಲದು. ಕಂಪನಿಯವರಿಗೆ ಈಗಲೇ ಹೇಳಿ ಅರ್ಜಿ ಹಾಕಿಸಿ. ತನೋಟ್‌ಗೆ ಹೋಗಿ ಬರಲು ಒಂದು ಹಗಲು ಪೂರ್ತಿ ಬೇಕು. ಎರಡು ರಾತ್ರಿಯಲ್ಲಿ ಕೋಟೆ, ಮರಳುದಿಬ್ಬ, ತನೋಟ್ ಮೂರೂ ಹಿಡಿಯುವುದಿಲ್ಲ.

---

ಕೋಟೆಕೊತ್ತಲ:
ಓಸಿಐ ವಿಷಯದಲ್ಲಿ ಇನ್ನೊಂದು. ಕೇಂದ್ರ ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಅವರಿಗೂ ಭಾರತೀಯರ ಟಿಕೆಟ್ ದರವೇ, 2021ರ ಅಧಿಸೂಚನೆ ಇದೆ. ಆದರೆ ಮೆಹರಾನ್‌ಗಢ, ಉದಯಪುರ ಸಿಟಿ ಪ್ಯಾಲೇಸ್, ಜುನಾಗಢ ಇವೆಲ್ಲ ರಾಜಮನೆತನದ ಟ್ರಸ್ಟ್‌ಗಳ ಕೈಲಿವೆ, ಅಲ್ಲಿ ಅವರವರ ನಿಯಮ. ಹೋಟೆಲುಗಳು ವಿದೇಶಿ ಅತಿಥಿಗಳ ವಿವರದ ಫಾರಂ ತುಂಬುವುದರಿಂದ ಪಾಸ್‌ಪೋರ್ಟ್, ಓಸಿಐ ಎರಡೂ ಮೂಲಪ್ರತಿ ಕೈಚೀಲದಲ್ಲೇ ಇರಲಿ, ಸೂಟ್‌ಕೇಸಿನ ತಳದಲ್ಲಿ ಬೇಡ.

ಮೈಸೂರಿನವರು ಅಂದಿರಿ. ಜೈಪುರದಲ್ಲಿ ನಿಮ್ಮ ಬಸ್ಸು ಹಳೇ ಊರಿನ ಹೊರಗೆ ಎಂ.ಐ. ರೋಡ್ ಮೇಲೆ ಹೋಗುತ್ತದೆ. ಆ ಎಂ.ಐ. ಅಂದರೆ ನಮ್ಮ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್. ಮೈಸೂರು ಬಿಟ್ಟ ಮೇಲೆ 1942ರಿಂದ 1946ರವರೆಗೆ ಜೈಪುರದ ಪ್ರಧಾನಿಯಾಗಿದ್ದರು. ಅಲ್ಲಿನ ಗೈಡ್ ಹೇಳದಿದ್ದರೆ ನೀವೇ ಗುಂಪಿಗೆ ಹೇಳಿ.