ಗುಂಡಿ ಒತ್ತಿದರೆ ಫ್ಯಾನ್ ಕಾಲು ಸುತ್ತು ತಿರುಗಿ ನಿಲ್ಲುತ್ತದೆ, ಕಂಪ್ಯೂಟರ್ ಶುರುವಾಗುತ್ತಿಲ್ಲ

ಪ್ರಶ್ನೆ (ನಿವೃತ್ತ ಶಿಕ್ಷಕ, ವಿಜಯಪುರ)

ಎಲ್ಲರಿಗೂ ಶರಣು. ನಮ್ಮ ಮನೆಯಲ್ಲಿ 2014ರಲ್ಲಿ ಬಿಡಿಭಾಗಗಳನ್ನು ಜೋಡಿಸಿ ಮಾಡಿಸಿಕೊಂಡ ಡೆಸ್ಕ್‌ಟಾಪ್ ಕಂಪ್ಯೂಟರ್ ಇದೆ. ಕಳೆದ ವಾರ ರೋಹಿಣಿ ಮಳೆ ಗುಡುಗಿನೊಡನೆ ಬಂದ ಸಂಜೆ ನಾನು ಅದರ ಮುಂದೆ ಕುಳಿತು ಟೈಪ್ ಮಾಡುತ್ತಿದ್ದೆ. ಯುಪಿಎಸ್‌ನ ಬ್ಯಾಟರಿ ಕೆಟ್ಟು ವರ್ಷವಾಗಿದ್ದುದರಿಂದ ಕಂಪ್ಯೂಟರನ್ನು ಗೋಡೆಯ ಸಾಕೆಟ್‌ಗೇ ಜೋಡಿಸಿದ್ದೆ. ಎರಡು ಮೂರು ಸಲ ದೀಪ ಮಂಕಾಗಿ ಮತ್ತೆ ಬೆಳಗಿತು; ಹತ್ತಿರದಲ್ಲೇ ಸಿಡಿಲು ಬಡಿದ ಸದ್ದಿನೊಂದಿಗೆ ಪರದೆ ಕಪ್ಪಾಯಿತು.

ಅಂದಿನಿಂದ ಗುಂಡಿ ಒತ್ತಿದರೆ ಒಳಗಿನ ಫ್ಯಾನ್ ಕಾಲು ಸುತ್ತಿನಷ್ಟು ಅಲುಗಿ ನಿಂತುಬಿಡುತ್ತದೆ. ಮತ್ತೆ ಒತ್ತಿದರೆ ಅಷ್ಟೂ ಆಗುವುದಿಲ್ಲ. ಪ್ಲಗ್ ಕಿತ್ತು ಸ್ವಲ್ಪ ಹೊತ್ತು ಬಿಟ್ಟು ಹಾಕಿದರೆ ಇನ್ನೊಮ್ಮೆ ಅದೇ ಕಾಲು ಸುತ್ತು. ಬೀಪ್ ಸದ್ದಿಲ್ಲ, ಪರದೆಯಲ್ಲಿ ಏನೂ ಬರುವುದಿಲ್ಲ. ಊರಿನ ಅಂಗಡಿಯೊಂದಕ್ಕೆ ಒಯ್ದಾಗ, ಪಕ್ಕದ ತಗಡು ತೆಗೆದು ನೋಡಿ, ಮದರ್‌ಬೋರ್ಡ್ ಹೋಗಿದೆ, ಇಷ್ಟು ಹಳೆಯದಕ್ಕೆ ಬೋರ್ಡ್ ಸಿಗುವುದಿಲ್ಲ, ಹೊಸ ಯಂತ್ರವನ್ನೇ ಕೊಳ್ಳಿ ಎಂದರು.

ಯಂತ್ರ ಹೋದರೆ ಹೋಗಲಿ. ಆದರೆ ಇಂಡಿ ಮತ್ತು ಸಿಂದಗಿ ಕಡೆಯ ಹಳ್ಳಿಗಳ ಅಜ್ಜಿಯರ ಬಾಯಿಂದ ಬರೆದುಕೊಂಡ ಬೀಸುವ ಪದಗಳು, ಸೋಬಾನೆ ಪದಗಳು, ಕಣದಲ್ಲಿ ಹಾಡುತ್ತಿದ್ದ ಹಂತಿ ಪದಗಳು, ಹೀಗೆ ಹನ್ನೆರಡು ವರ್ಷಗಳ ಸಂಗ್ರಹವೆಲ್ಲ ನುಡಿ ತಂತ್ರಾಂಶದಲ್ಲಿ ಟೈಪಾಗಿ ಅದರ ಹಾರ್ಡ್ ಡಿಸ್ಕ್‌ನಲ್ಲಿದೆ. ಹಾಡಿದವರಲ್ಲಿ ಹಲವರು ಈಗ ಇಲ್ಲ. ಬೇರೆ ಪ್ರತಿ ಮಾಡಿಟ್ಟುಕೊಂಡಿಲ್ಲ. ಏನು ಮಾಡಬೇಕೆಂದು ತಿಳಿದವರು ದಯವಿಟ್ಟು ಹೇಳಿ.

ಉತ್ತರ (ಕಂಪ್ಯೂಟರ್ ದುರಸ್ತಿ ಮಾಡುವವನು, ನವನಗರ, ಬಾಗಲಕೋಟೆ)

ಗುರುಗಳೇ, ನಮಸ್ಕಾರ. ನೀವು ಆ ಕಾಲು ಸುತ್ತನ್ನು ಗಮನಿಸಿ ಬರೆದದ್ದು ಬಹಳ ಒಳ್ಳೆಯದಾಯಿತು, ಏಕೆಂದರೆ ಕಂಪ್ಯೂಟರ್ ಶುರುವಾಗುತ್ತಿಲ್ಲ ಎಂಬ ಒಂದೇ ಮಾತಿನಲ್ಲಿ ಮೂರು ಬೇರೆ ಬೇರೆ ಕಾಯಿಲೆಗಳು ಅಡಗಿರುತ್ತವೆ. ವಿದ್ಯುತ್ತೇ ಒಳಗೆ ಹರಿಯದಿರುವುದು ಒಂದು, ಫ್ಯಾನ್ ತಿರುಗಿದರೂ ಪರದೆ ಬಾರದಿರುವುದು ಇನ್ನೊಂದು, ಪರದೆ ಬಂದು ವಿಂಡೋಸ್ ತೆರೆಯದಿರುವುದು ಮತ್ತೊಂದು. ನಿಮ್ಮದು ಮೊದಲನೆಯದು, ಅದರಲ್ಲಿಯೂ ಒಂದು ವಿಶೇಷ ಬಗೆಯದು. ಮನೆಯ ವಿದ್ಯುತ್ತನ್ನು ಕಂಪ್ಯೂಟರ್‌ಗೆ ಬೇಕಾದ ಕಡಿಮೆ ವೋಲ್ಟೇಜಿಗೆ ಇಳಿಸಿ ಕೊಡುವ ಎಸ್‌ಎಂಪಿಎಸ್ ಪೆಟ್ಟಿಗೆಯೊಳಗೆ ಒಂದು ರಕ್ಷಣಾ ವ್ಯವಸ್ಥೆ ಇರುತ್ತದೆ. ಹೊರಗೆ ಎಲ್ಲಿಯಾದರೂ ಶಾರ್ಟ್ ಆಗಿದ್ದರೆ ಅದು ಕ್ಷಣಾರ್ಧದಲ್ಲಿ ಅರಿತು ಪೂರೈಕೆಯನ್ನು ಕಡಿದುಹಾಕುತ್ತದೆ, ಮತ್ತು ಪ್ಲಗ್ ಕಿತ್ತು ಒಳಗಿನ ವಿದ್ಯುತ್ ಇಳಿಯುವವರೆಗೆ ಪುನಃ ಪ್ರಯತ್ನಿಸುವುದಿಲ್ಲ. ನೀವು ಕಾಣುತ್ತಿರುವುದು ಇದೇ ಎಂದು ನನಗೆ ಅನಿಸುತ್ತದೆ. ಶಾರ್ಟ್ ಬೋರ್ಡಿನಲ್ಲಿ ಇರಬಹುದು, ಅದಕ್ಕೆ ಜೋಡಿಸಿದ ಯಾವುದೇ ವಸ್ತುವಿನಲ್ಲಿಯೂ ಇರಬಹುದು. ತಗಡು ತೆಗೆದು ಕಣ್ಣಿನಿಂದ ನೋಡಿ ಬೋರ್ಡ್ ಹೋಗಿದೆ ಎಂದು ಹೇಳಲು ಸಾಧ್ಯವಿಲ್ಲ.

ಆದ್ದರಿಂದ ಸದ್ಯಕ್ಕೆ ಏನನ್ನೂ ಕೊಳ್ಳಬೇಡಿ, ಒಂದೊಂದನ್ನೇ ಕಳಚುತ್ತ ನೋಡಿ. ಪ್ಲಗ್ ಕಿತ್ತು, ಗುಂಡಿಯನ್ನು ಹತ್ತು ಸೆಕೆಂಡ್ ಒತ್ತಿ ಹಿಡಿದು, ಕ್ಯಾಬಿನೆಟ್‌ನ ಬಣ್ಣವಿಲ್ಲದ ಲೋಹವನ್ನು ಮುಟ್ಟಿ, ಆಮೇಲೆ ಕೈ ಹಾಕಿ. ಮೊದಲು ಡಿವಿಡಿ ಡ್ರೈವ್‌ನ ವಿದ್ಯುತ್ ಕೇಬಲ್, ನಂತರ ಹಾರ್ಡ್ ಡಿಸ್ಕ್‌ನದು, ನಂತರ ಮುಂಭಾಗದ ಯುಎಸ್‌ಬಿ ಕೇಬಲ್, ಹೀಗೆ ಬಿಡಿಸುತ್ತ ಪ್ರತಿ ಸಲವೂ ಪ್ಲಗ್ ಹಾಕಿ ಗುಂಡಿ ಒತ್ತಿ. ಯಾವುದನ್ನು ಬಿಡಿಸಿದಾಗ ಫ್ಯಾನ್ ನಿಲ್ಲದೆ ತಿರುಗುತ್ತದೆಯೋ ಅದರಲ್ಲಿಯೇ ದೋಷ ಇದೆ ಎಂದು ತಿಳಿಯಿರಿ. ರ‍್ಯಾಮ್ ತೆಗೆದು ರಬ್ಬರಿನಿಂದ ಉಜ್ಜಲು ಹಲವರು ಹೇಳಿಯಾರು. ನಮ್ಮ ಎರೆಮಣ್ಣಿನ ಧೂಳಿಗೆ ಅದು ಒಳ್ಳೆಯ ಔಷಧವೇ ಹೌದು, ಆದರೆ ಕೊಳಕಾದ ರ‍್ಯಾಮ್ ಫ್ಯಾನನ್ನು ಹೀಗೆ ನಿಲ್ಲಿಸುವುದಿಲ್ಲ. ಎಸ್‌ಎಂಪಿಎಸ್ ಪೆಟ್ಟಿಗೆಯನ್ನು ಮಾತ್ರ ಯಾವ ಕಾರಣಕ್ಕೂ ಬಿಚ್ಚಬೇಡಿ; ಮನೆಯ 230 ವೋಲ್ಟ್ ಒಳಗೆ ಸುಮಾರು 325 ವೋಲ್ಟ್ ಡಿಸಿ ಆಗಿ ಕೆಪಾಸಿಟರ್‌ನಲ್ಲಿ ಕೂಡಿರುತ್ತದೆ, ಪ್ಲಗ್ ಕಿತ್ತ ಮೇಲೂ ಕೆಲಹೊತ್ತು ಉಳಿದಿರುತ್ತದೆ.

ಉತ್ತರ (ಎಲೆಕ್ಟ್ರಾನಿಕ್ಸ್ ಉಪನ್ಯಾಸಕಿ, ಬೆಳಗಾವಿ)

ಬಾಗಲಕೋಟೆಯ ಸಹೋದರರು ಹೇಳಿದ ಕ್ರಮ ಸರಿಯಾಗಿದೆ. ಒಂದು ಎಚ್ಚರಿಕೆಯನ್ನು ಮಾತ್ರ ಸೇರಿಸುತ್ತೇನೆ. ಸಿಡಿಲಿನ ಹೊಡೆತದಲ್ಲಿ ಎಸ್‌ಎಂಪಿಎಸ್ ತಾನೇ ಒಂದು ಕ್ಷಣ ಹೆಚ್ಚಿನ ವೋಲ್ಟೇಜ್ ಕೊಟ್ಟು ಉಳಿದುದನ್ನು ಸುಟ್ಟಿರುವ ಸಾಧ್ಯತೆ ಇದೆ. ಬೋರ್ಡಿಗೆ ಹೋಗುವ 24 ಪಿನ್ನಿನ ಕನೆಕ್ಟರ್‌ನಲ್ಲಿ ಹಸಿರು ತಂತಿಯನ್ನು ಕಪ್ಪು ತಂತಿಗೆ ಕೂಡಿಸಿದರೆ ಪೆಟ್ಟಿಗೆಯ ಫ್ಯಾನ್ ತಿರುಗುತ್ತದೆ ಎಂಬ ಪರೀಕ್ಷೆ ಪ್ರಸಿದ್ಧವಾಗಿದೆ, ಆದರೆ ಫ್ಯಾನ್ ತಿರುಗಿದ ಮಾತ್ರಕ್ಕೆ ಪೆಟ್ಟಿಗೆ ಆರೋಗ್ಯವಾಗಿದೆ ಎಂದು ನಂಬಬಾರದು. ಮಲ್ಟಿಮೀಟರ್‌ನಲ್ಲಿ ಹಳದಿ ತಂತಿ 11.4ರಿಂದ 12.6 ವೋಲ್ಟ್, ಕೆಂಪು ತಂತಿ 4.75ರಿಂದ 5.25 ವೋಲ್ಟ್ ಒಳಗೆ ತೋರಿಸಬೇಕು, ಅದೂ ಯಂತ್ರ ನಡೆಯುತ್ತಿರುವಾಗ ತೋರಿಸಬೇಕು. ಇದಾಗುವವರೆಗೆ ನಿಮ್ಮ ಹಾರ್ಡ್ ಡಿಸ್ಕನ್ನು ನೆರೆಯವರ ಕಂಪ್ಯೂಟರ್‌ಗೆ ಜೋಡಿಸಿ ನೋಡುವ ಪ್ರಯತ್ನ ಮಾಡಬೇಡಿ, ಸರ್.

ಪ್ರಶ್ನೆ ಕೇಳಿದವರು

ಹೇಳಿದಂತೆಯೇ ಮಾಡಿದೆ. ಡಿವಿಡಿ ಡ್ರೈವ್ ಬಿಡಿಸಿದಾಗ ಬದಲಾವಣೆ ಆಗಲಿಲ್ಲ. ಹಾರ್ಡ್ ಡಿಸ್ಕ್‌ನ ವಿದ್ಯುತ್ ಕೇಬಲ್ ಬಿಡಿಸಿದ ಕೂಡಲೇ ಫ್ಯಾನ್ ನಿಲ್ಲದೆ ತಿರುಗಿತು, ಪರದೆಯೂ ಬಂದಿತು, ಬೂಟ್ ಮಾಡಲು ಯಾವ ಸಾಧನವೂ ಇಲ್ಲ ಎಂಬ ಸಂದೇಶವೂ ಬಂದಿತು. ಬೋರ್ಡ್ ಬದುಕಿದೆ ಎಂಬ ಸಂತೋಷಕ್ಕಿಂತ ದೋಷ ಡಿಸ್ಕ್‌ನಲ್ಲಿಯೇ ಇದೆ ಎಂಬ ಸಂಕಟವೇ ನನಗೆ ದೊಡ್ಡದಾಗಿದೆ. ಪರಿಚಿತರೊಬ್ಬರು ಅದೇ ಮಾದರಿಯ ಹಳೆಯ ಡಿಸ್ಕ್ ಕೊಂಡು ಅದರ ಅಡಿಯಲ್ಲಿರುವ ಹಸಿರು ಸರ್ಕ್ಯೂಟ್ ಪಟ್ಟಿಯನ್ನು ಬಿಚ್ಚಿ ಇದಕ್ಕೆ ಹಾಕೋಣ ಎನ್ನುತ್ತಿದ್ದಾರೆ. ಒಪ್ಪಬಹುದೇ?

ಉತ್ತರ (ಎಲೆಕ್ಟ್ರಾನಿಕ್ಸ್ ಉಪನ್ಯಾಸಕಿ, ಬೆಳಗಾವಿ)

ದಯವಿಟ್ಟು ಒಪ್ಪಬೇಡಿ. ಆ ಪಟ್ಟಿಯ ಮೇಲಿನ ಚಿಪ್‌ನಲ್ಲಿ ನಿಮ್ಮ ಡಿಸ್ಕ್‌ಗಷ್ಟೇ ಹೊಂದುವ ಹೊಂದಾಣಿಕೆಯ ಮಾಹಿತಿ ಇರುತ್ತದೆ. ಮಾದರಿಯ ಹೆಸರು ಒಂದೇ ಆಗಿದ್ದರೂ ಇನ್ನೊಂದರ ಪಟ್ಟಿ ಇದಕ್ಕೆ ಹೊಂದುವ ಭರವಸೆ ಇಲ್ಲ.

ನಿಮ್ಮ ವರದಿ ಓದಿ ನನಗೆ ನಿಜಕ್ಕೂ ಧೈರ್ಯ ಬಂದಿದೆ. ಇಂಥ ಡಿಸ್ಕ್‌ಗಳಲ್ಲಿ ಸಾಮಾನ್ಯವಾಗಿ ವಿದ್ಯುತ್ ಕನೆಕ್ಟರ್‌ನ ಪಕ್ಕದಲ್ಲಿ 5 ವೋಲ್ಟ್‌ಗೆ ಒಂದು, 12 ವೋಲ್ಟ್‌ಗೆ ಒಂದು ಎಂದು ಎರಡು ಚಿಕ್ಕ ಕಪ್ಪು ಡಯೋಡ್‌ಗಳಿರುತ್ತವೆ. ಅವನ್ನು ಟಿವಿಎಸ್ ಡಯೋಡ್ ಎನ್ನುತ್ತಾರೆ. ಹೆಚ್ಚಿನ ವೋಲ್ಟೇಜ್ ಬಂದರೆ ಅದನ್ನು ತಾವೇ ಹೀರಿಕೊಂಡು, ಕೊನೆಗೆ ಒಳಗೇ ಶಾರ್ಟ್ ಆಗಿ, ಹಿಂದಿನ ಚಿಪ್‌ಗಳನ್ನು ಉಳಿಸುವುದೇ ಅವುಗಳ ಕೆಲಸ. ಶಾರ್ಟ್ ಆದ ಆ ಡಯೋಡನ್ನು ಕಂಡು ಎಸ್‌ಎಂಪಿಎಸ್ ಪ್ರತಿ ಸಲವೂ ಹಿಂದೆ ಸರಿಯುತ್ತಿತ್ತು. ಮಲ್ಟಿಮೀಟರ್‌ನಲ್ಲಿ ಆ ಡಯೋಡ್‌ನ ಎರಡು ತುದಿಗಳ ನಡುವೆ ಸೊನ್ನೆ ಓಮ್‌ನಷ್ಟು ತೋರಿಸಿದರೆ, ಬೆಸುಗೆಯಲ್ಲಿ ಕೈ ಪಳಗಿದವರಿಂದ ಅದನ್ನು ತೆಗೆಸಬಹುದು. ಬೇರೇನೂ ಸುಟ್ಟಿಲ್ಲದಿದ್ದರೆ ಅದಿಲ್ಲದೆಯೂ ಡಿಸ್ಕ್ ನಡೆಯುತ್ತದೆ, ಆದರೆ ಇನ್ನು ಅದಕ್ಕೆ ಕಾವಲಿಲ್ಲ. ಹಾಗಾಗಿ ಹಳೆಯ ಎಸ್‌ಎಂಪಿಎಸ್‌ಗೆ ಅದನ್ನು ಮತ್ತೆ ಜೋಡಿಸಲೇಬಾರದು. ಹೊಸದನ್ನು ಹಾಕಿ, ಡಿಸ್ಕ್ ಶುರುವಾದ ಮೊದಲ ಗಳಿಗೆಯಲ್ಲಿಯೇ ಕಡತಗಳನ್ನೆಲ್ಲ ಬೇರೆಡೆಗೆ ನಕಲಿಸಿ. ಡಿಸ್ಕ್‌ನ ಒಳಗಿಂದ ಟಕ್ ಟಕ್ ಎಂಬ ಸದ್ದು ಬಂದರೆ ತಕ್ಷಣ ಆರಿಸಿ. ಆಗ ಅದು ದತ್ತಾಂಶ ಮರುಪಡೆಯುವ ತಜ್ಞರ ಕೆಲಸ.

ಉತ್ತರ (ಎಲೆಕ್ಟ್ರಿಷಿಯನ್, ಇಂಡಿ)

ಹೊಸ ಎಸ್‌ಎಂಪಿಎಸ್ ಹಾಕುವ ಮುನ್ನ ಮನೆಯ ಅರ್ಥಿಂಗ್ ಒಮ್ಮೆ ನೋಡಿಸಿ, ಸರ್. ನಮ್ಮ ಕಡೆ ಹಳೆಯ ಮನೆಗಳಲ್ಲಿ ಮೂರು ಪಿನ್ನಿನ ಸಾಕೆಟ್ ಇರುತ್ತದೆ, ಅದರ ದಪ್ಪ ಪಿನ್ನಿಗೆ ತಂತಿಯೇ ಇರುವುದಿಲ್ಲ. ಇದ್ದರೂ ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿ ಒಣಗಿ ಸುತ್ತಲಿನ ಎರೆಮಣ್ಣು ಬಿರುಕು ಬಿಟ್ಟಿರುತ್ತದೆ. ಬೇಸಿಗೆ ಮುಗಿಯುವವರೆಗೆ ಅದಕ್ಕೆ ಆಗಾಗ ನೀರು ಹಾಕಬೇಕು. ಸರ್ಜ್, ಅಂದರೆ ದಿಢೀರನೆ ಏರುವ ವೋಲ್ಟೇಜ್, ತಡೆಯುವ ಪ್ಲಗ್ ಬೋರ್ಡ್ ಕೊಂಡರೂ ಅರ್ಥಿಂಗ್ ಸರಿಯಿಲ್ಲದಿದ್ದರೆ ಅದರಿಂದ ಪೂರ್ತಿ ಪ್ರಯೋಜನ ಸಿಗುವುದಿಲ್ಲ. ಗುಡುಗು ಕೇಳಿಸಿದರೆ ಸ್ವಿಚ್ ಆರಿಸಿ ಸುಮ್ಮನಾಗಬೇಡಿ, ಪ್ಲಗ್ಗನ್ನೂ ಇಂಟರ್ನೆಟ್ ಕೇಬಲನ್ನೂ ಕಿತ್ತಿಡಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ಡಿಸ್ಕನ್ನು ಮೊಬೈಲ್ ದುರಸ್ತಿ ಮಾಡುವ ಯುವಕನೊಬ್ಬನ ಬಳಿ ಒಯ್ದು ನಿಮ್ಮ ಉತ್ತರವನ್ನು ಓದಿಸಿದೆ. 12 ವೋಲ್ಟ್‌ನ ಡಯೋಡ್ ಸೊನ್ನೆ ತೋರಿಸಿತು, ಇನ್ನೊಂದು ಸರಿಯಾಗಿತ್ತು. ಅವನು ಹತ್ತು ನಿಮಿಷದಲ್ಲಿ ಅದನ್ನು ಎತ್ತಿ ತೆಗೆದ. ಹೊಸ ಎಸ್‌ಎಂಪಿಎಸ್ ಹಾಕಿ ಗುಂಡಿ ಒತ್ತುವಾಗ ನನ್ನ ಕೈ ನಡುಗುತ್ತಿತ್ತು. ಮೊದಲು ದಿನಾಂಕ ತಪ್ಪಿದೆ, ಎಫ್1 ಒತ್ತಿ ಎಂದು ಬಂದಿತು. ಬೋರ್ಡ್ ಮೇಲೆ ಗಡಿಯಾರವನ್ನು ನಡೆಸುವ ಸಿಆರ್2032 ಸೆಲ್ ಮುಗಿದಿತ್ತು, ಅದನ್ನೂ ಬದಲಿಸಿದೆ. ನಂತರ ವಿಂಡೋಸ್ ಎಂದಿನಂತೆ ತೆರೆಯಿತು.

ಕಡತಗಳೆಲ್ಲ ಇವೆ. ಆ ರಾತ್ರಿಯೇ ಎರಡು ಪೆನ್‌ಡ್ರೈವ್‌ಗಳಿಗೆ ನಕಲಿಸಿ, ಒಂದನ್ನು ಮರುದಿನ ಬಾಗಲಕೋಟೆಯಲ್ಲಿರುವ ಮಗಳ ಮನೆಗೆ ಕಳುಹಿಸಿದೆ. ಹಂತಿ ಪದಗಳ ಕಡತವನ್ನು ಕೊನೆಯ ಪುಟದವರೆಗೂ ಓದಿ ನೋಡಿದೆ, ಒಂದು ಸಾಲೂ ಹೋಗಿಲ್ಲ. ಅರ್ಥಿಂಗ್ ಗುಂಡಿ ತೋಡುವವರು ನಾಳೆ ಬರುತ್ತಾರೆ.