ಸಹಾಯ ಬೇಕು: ನಾಟಿ ಕುರಿಯ ಉಣ್ಣೆಯಿಂದ ಹೆಣಿಗೆಯ ನೂಲು

ಎಲ್ಲರಿಗೂ ನಮಸ್ಕಾರ. ಅರಸೀಕೆರೆ ತಾಲ್ಲೂಕಿನ ನಮ್ಮ ತೆಂಗಿನ ತೋಟದಲ್ಲಿ ಕೆಲವು ನಾಟಿ ಕುರಿಗಳನ್ನು ಸಾಕಿದ್ದು, ಅವುಗಳ ಉಣ್ಣೆಯಿಂದಲೇ ನೂಲು ತೆಗೆದು ಸ್ವೆಟರ್ ಹೆಣೆಯಬೇಕೆಂಬುದು ನನ್ನ ಬಹುದಿನದ ಆಸೆ. ಈ ಉಣ್ಣೆ ಕಂಬಳಿಗೆ ಹೇಳಿ ಮಾಡಿಸಿದಂಥದ್ದು; ಆದರೆ ಮೆರಿನೋ ಎಂಬ ಕುರಿ ತಳಿಯ ಉಣ್ಣೆಯ ಎಳೆ ಸಾಮಾನ್ಯವಾಗಿ 24 ಮೈಕ್ರಾನ್‌ಗಿಂತ ನವಿರಾಗಿದ್ದರೆ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗವೇ ಒಂದು ಮೈಕ್ರಾನ್), ನಮ್ಮದು ಬಹಳ ಒರಟು, ನಡುನಡುವೆ ಗಡುಸು ಕೂದಲೂ ಸೇರಿರುವುದರಿಂದ ಕುತ್ತಿಗೆಗೆ ಚುಚ್ಚುತ್ತದೆ. ಮರಿಗಳಿಂದ ಮೊದಲ ಸಲ ಕತ್ತರಿಸಿದ ಉಣ್ಣೆ ಮಾತ್ರ ಮೃದುವಾಗಿರುವುದರಿಂದ ಅದನ್ನು ಬೇರೆ ತೆಗೆದಿಟ್ಟಿದ್ದೇನೆ.

ಕಷ್ಟವಿರುವುದು ತೊಳೆಯುವುದರಲ್ಲಿ. ಜಿಡ್ಡು ಬಿಡಲು ಬಿಸಿನೀರು ಬೇಕು, ಆದರೆ ಬಿಸಿನೀರಿನಲ್ಲಿ ಉಜ್ಜಿದರೆ ಎಳೆಗಳು ಒಂದಕ್ಕೊಂದು ಸಿಕ್ಕಿಕೊಂಡು ಗಂಟಾಗುತ್ತವೆ. ಉಜ್ಜದೆ ನೆನೆಸಿಟ್ಟರೆ ಉತ್ತರಾಣಿಯ ಬೀಜಗಳು ಕಚ್ಚಿಕೊಂಡೇ ಇರುತ್ತವೆ, ಒಂದೊಂದನ್ನೂ ಉಗುರಿನಿಂದ ಬಿಡಿಸಬೇಕು. ಇದಕ್ಕೆ ಸುಲಭದ ದಾರಿ ಗೊತ್ತಿದ್ದವರು ದಯವಿಟ್ಟು ತಿಳಿಸಿ.

ಹಾಗೆಯೇ, ಕಡೂರು, ಅರಸೀಕೆರೆ ಸುತ್ತಮುತ್ತ ಉಣ್ಣೆ ಹಿಂಜಿ ರಾಟೆಯಲ್ಲಿ ನೂಲುವ ಹಿರಿಯರಿದ್ದರೆ, ಅವರಲ್ಲಿಗೇ ಹೋಗಿ ಕಲಿಯಲು ಸಿದ್ಧಳಿದ್ದೇನೆ. ಅವರ ಸಮಯಕ್ಕೆ ತಕ್ಕ ಸಂಭಾವನೆಯನ್ನೂ ಕೊಡುತ್ತೇನೆ. ಎರಡೆಳೆ ಸೇರಿಸಿ ಹುರಿಗೊಳಿಸುವ ಕ್ರಮವನ್ನು ಬಲ್ಲವರು ಸಿಕ್ಕರಂತೂ ದೊಡ್ಡ ಉಪಕಾರ. ಮುಂಗಾರಿಗೆ ಮೊದಲೇ ಮತ್ತೊಮ್ಮೆ ಉಣ್ಣೆ ಕತ್ತರಿಸಬೇಕಾಗಿರುವುದರಿಂದ, ಆದಷ್ಟು ಬೇಗ ಉತ್ತರಿಸಬೇಕೆಂದು ವಿನಂತಿ.